ಎಂಟು ಕಡೆಯಿಂದ ಒಂದು ರಂಜಾನ್ ಡೋಲು

ಮೊದಲ ದಿನ ನಾನು ಕರಿಹಲಗೆಯ ಮೇಲೆ ಬರೆದ ಡೋಲು ಬಹಳ ಚೆನ್ನಾಗಿತ್ತು. ಎರಡು ಕಡೆ ಮುಖ, ನಡುವೆ ಉಬ್ಬಿದ ಹೊಟ್ಟೆ, ಬಿಗಿದು ಕಟ್ಟಿದ ಹಗ್ಗ, ನೆರಳಿಗೆ ಚಾಕ್‌ಪೀಸನ್ನು ಅಡ್ಡ ಹಿಡಿದು ಉಜ್ಜಿದ್ದು. ಅದರಲ್ಲಿದ್ದ ಕೊರತೆ ಒಂದೇ. ಅಂಥ ರಂಜಾನ್ ಡೋಲು ಬಾಣಾವರದಲ್ಲಿ ಎಲ್ಲೂ ಇರಲಿಲ್ಲ.

ಇದು ನನಗೆ ಗೊತ್ತಾಗಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಇಪ್ಪತ್ತೇಳು ಮಕ್ಕಳು ಅದನ್ನೇ ಇಪ್ಪತ್ತೇಳು ಹಾಳೆಗೆ ಇಳಿಸಿಬಿಟ್ಟಿದ್ದರು.

ನಾನು ಬೋರ್ಡು ಬರೆಯುವವನು. ಈಗ ಊರಲ್ಲಿ ಬ್ರಷ್ಷಿನ ಕೆಲಸ ಅಂದರೆ ಲಾರಿಯ ನಂಬರು, ಕೊಬ್ಬರಿ ಚೀಲದ ಮೇಲಿನ ಗುರುತು, ಅಷ್ಟೇ. ಮಿಕ್ಕಿದ್ದೆಲ್ಲ ಫ್ಲೆಕ್ಸಿಗೆ ಹೋಯಿತು. ನನಗೊಂದು ಗೋಡೆ ಸಿಕ್ಕಿ ಎಷ್ಟು ಕಾಲವಾಗಿತ್ತೋ. ಹಾಗಿರುವಾಗ ಸರ್ಕಾರಿ ಶಾಲೆಯ ದೊಡ್ಡ ಮೇಡಂ ಹೇಳಿಕಳಿಸಿದರು. ಶಾಲೆಯ ಒಳಗೋಡೆಗಳಲ್ಲಿ ಮಕ್ಕಳ ಕೈಯಲ್ಲಿ ಊರಿನ ವಾದ್ಯಗಳನ್ನು ಬರೆಸಿದ್ದರು: ತಮಟೆ, ಡೊಳ್ಳು, ನಾದಸ್ವರ. ಬರೆಸುತ್ತಿದ್ದ ಮೇಷ್ಟ್ರಿಗೆ ವರ್ಗವಾಯಿತು. ಉಳಿದದ್ದು ರಸ್ತೆ ಕಡೆಯ ಉದ್ದ ಗೋಡೆ. ರಂಜಾನ್ ತಿಂಗಳು ನಡೆಯುತ್ತಿದ್ದರಿಂದ, ಉಪವಾಸದವರನ್ನು ಬೆಳಗಿನ ಜಾವ ಊಟಕ್ಕೆ ಎಬ್ಬಿಸುವ ಡೋಲು ಅಲ್ಲಿ ಬರಬೇಕು ಎಂದು ಅವರ ಆಸೆ.

“ಮಕ್ಕಳ ಹತ್ರ ಬರೆಸಿ, ಅವರು ಬರೆದಿದ್ದನ್ನ ನೀವು ಗೋಡೆಗೆ ದೊಡ್ಡದು ಮಾಡಬೇಕು. ನೀವೇ ಬರೆದು ಮಕ್ಕಳದ್ದು ಅನ್ನೋ ಹಾಗಿಲ್ಲ” ಎಂದರು. “ಮುಂದಿನ ಸೋಮವಾರ ಇಲಾಖೆ ಸಾಹೇಬ್ರು ನೋಡೋಕೆ ಬರ್ತಾರೆ. ಶನಿವಾರ ಸಂಜೆಯೊಳಗೆ ಆಗಲ್ಲ ಅನ್ನಿಸಿದ್ರೆ ಮೊದಲೇ ಹೇಳಿಬಿಡಿ. ಫ್ಲೆಕ್ಸ್ ಅಂಗಡಿಯವನಿಗೆ ಗೋಡೆ ಅಳತೆ ಕೊಟ್ಟಿಟ್ಟಿದೀನಿ.”

ಅಳತೆ ಕೊಟ್ಟಿದ್ದೇನೆ ಅನ್ನುವ ಮಾತು ನನಗೆ ಚುಚ್ಚಿತು. ಅರಸೀಕೆರೆಗೆ ಹೋಗುವ ಪ್ರತಿ ಬಸ್ಸೂ ಆ ಗೋಡೆಯ ಮುಂದೆಯೇ ಹೋಗಬೇಕು. ಅಲ್ಲಿ ಫ್ಲೆಕ್ಸು ಹೊಡೆಸಿದರೆ ನಾನು ಡಬ್ಬದ ಮುಚ್ಚಳ ಹಾಕಿ ಮನೆಯಲ್ಲಿ ಕೂರುವುದೇ ಮೇಲು. ಇನ್ನೂ ಒಂದಿತ್ತು. ಆರನೇ ಕ್ಲಾಸಿನಲ್ಲಿ ಇದೇ ಶಾಲೆಯ ಹಿಂದಿನ ಗೋಡೆ ಹಾರಿ ಹೋದವನು ಮತ್ತೆ ಬಂದಿರಲಿಲ್ಲ. ಈಗ ಮುಂದಿನ ಗೇಟಿನಿಂದ, ‘ಸರ್’ ಅನ್ನಿಸಿಕೊಂಡು ಒಳಗೆ ಹೋಗುವುದು. ಶರಟಿಗೆ ಇಸ್ತ್ರಿ ಹಾಕಿಸಿದೆ.

ಸೋಮವಾರ, ಮಂಗಳವಾರ ನನ್ನ ಎರಡು ಮುಖದ ಡೋಲು ನಡೆಯಿತು. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಡೋಲು ಬಡಿಯುವ ಶಿಲ್ಪಗಳ ಮುಂದೆ ದಿನಗಟ್ಟಲೆ ಕೂತು ಕೈ ತಿದ್ದಿಕೊಂಡವನು ನಾನು. ಡೋಲು ಹೇಗಿರುತ್ತದೆ ಎಂದು ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ. ಮಂಗಳವಾರ ಮುಗಿಯುವ ಹೊತ್ತಿಗೆ ಬಾಗಿಲ ಎದುರು ತುದಿಯಲ್ಲಿ ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು.

“ಸರ್, ಇದು ನಮ್ಮ ತಾತಂದಲ್ಲ.”

“ನಿಮ್ಮ ತಾತಂದು ಅಂತ ಯಾರಮ್ಮ ಹೇಳಿದ್ದು? ಇದು ರಂಜಾನ್ ಡೋಲು.”

“ರಂಜಾನ್ ಡೋಲು ಬಡಿಯೋದೇ ನಮ್ಮ ತಾತ ಸರ್.”

ಕ್ಲಾಸು ನಕ್ಕಿತು. ನಾನು ನಗಲಿಲ್ಲ. “ನೋಡಮ್ಮ, ನಾನು ಹುಟ್ಟಿದಾಗಿಂದ ಆ ಡೋಲು ಕೇಳ್ತಾ ಇದೀನಿ. ಕೂತ್ಕೊ.”

ಅವಳು ಕೂತಳು. ಕೂತ ಮೇಲೆ ಕೇಳಿದಳು: “ಕೇಳಿದ್ರೆ ಆಕಾರ ಗೊತ್ತಾಗುತ್ತಾ ಸರ್?”

ಆ ಸಂಜೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ, ಯಾರಿಗೂ ಅನುಮಾನ ಬರದ ಹಾಗೆ ವಿಷಯ ತೆಗೆದೆ. ರಂಜಾನ್ ಡೋಲು ಹೆಂಗಿರುತ್ತೆ?

“ದುಂಡಗೈತೆ ಕಣಣ್ಣ” ಎಂದ ಟೀ ಅಂಗಡಿಯವನು.

“ನೋಡಿದೀಯೇನ್ಲಾ?”

“ನೋಡಿಲ್ಲ. ಸೌಂಡು ದುಂಡಗೈತೆ.”

ಪಕ್ಕದ ಕ್ಷೌರದವನು ಒಪ್ಪಲಿಲ್ಲ. “ದುಂಡಗೂ ಇಲ್ಲ ಎಂಥದೂ ಇಲ್ಲ. ತಮಟೆ ಥರ, ಬಿಲ್ಲೆ. ಕೈಯಾಗೆ ಹಿಡ್ಕಂಡಿರ್ತಾರೆ.”

“ಯಾವಾಗ ನೋಡ್ದೆ?”

“ನಾನೆಲ್ಲಿ ನೋಡ್ಲಿ? ಆ ಹೊತ್ನಾಗೆ ಯಾವನು ಕಂಬಳಿ ತೆಗೀತಾನೆ?”

ಉಪವಾಸ ಇರುವವರಿಗಾದರೂ ಗೊತ್ತಿರಬೇಕಲ್ಲ ಎಂದು ಎದುರಿನ ಬಾಳೆಹಣ್ಣಿನ ಗಾಡಿಯ ಸಾಹೇಬರನ್ನು ಕೇಳಿದೆ. ಅವರು ಗೊನೆಯಿಂದ ಕಣ್ಣೆತ್ತದೆ ಹೇಳಿದರು: “ಆ ಟೈಮಲ್ಲಿ ನಾನು ತಟ್ಟೆ ನೋಡ್ಲೋ, ರಸ್ತೆ ನೋಡ್ಲೋ? ಅಜಾನ್ ಆಗೋದ್ರೊಳಗೆ ತಿಂದು ಮುಗಿಸ್ಬೇಕು ಕಣ್ರೀ.”

ಹೀಗೆ ತಿಳಿಯಿತು. ಊರಿಗೆ ಊರೇ ಆ ಡೋಲಿಗೆ ಎಚ್ಚರವಾಗಿದೆ, ಕಣ್ಣಲ್ಲಿ ಕಂಡವರು ಒಬ್ಬರೂ ಇಲ್ಲ. ಅದರಲ್ಲಿ ನಾನೂ ಒಬ್ಬ. ವ್ಯತ್ಯಾಸ ಇಷ್ಟೇ, ಉಳಿದವರು ಅದನ್ನು ಮಕ್ಕಳಿಗೆ ಕಲಿಸುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಆ ಹುಡುಗಿಯ ತಾತನನ್ನು ಹುಡುಕಿಕೊಂಡು ಹೋದೆ. ಸಂತೆಬೀದಿಯ ಹಿಂದೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು. ಊರಿಗೆಲ್ಲ ಕಲಾಯಿ ಚಾಚಾ. ತಿದಿಯ ಪಕ್ಕ ಕೂತು ಮದುವೆ ಅಡುಗೆಯವರ ಒಂದು ದೊಡ್ಡ ಹಂಡೆಯನ್ನು ಬೂದಿ ಹಾಕಿ ಉಜ್ಜುತ್ತಿದ್ದರು.

“ಬರ್ರೀ ಬೋರ್ಡಣ್ಣ. ನನ್ನ ಡೋಲಿಗೆ ಎರಡು ಮುಖ ಮಾಡಿದ್ರಂತೆ.”

ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಅವರು ಒಳಗೆ ಹೋಗಿ, ಹಳೆ ದುಪ್ಪಟಿಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದ್ದ ಗಂಟನ್ನು ತಂದು ಬಿಚ್ಚಿದರು.

ಅದು ಅರ್ಧ ಕುಂಬಳಕಾಯಿಯ ಹಾಗಿತ್ತು. ತಾಮ್ರದ ಹೊಟ್ಟೆ, ಮೇಲೆ ಒಂದೇ ಒಂದು ಮುಖ, ಅದಕ್ಕೆ ಮೇಕೆ ಚರ್ಮ, ಸುತ್ತ ತೊಗಲಿನ ದಾರದ ಹೆಣಿಗೆ. ಕೊರಳಿಗೆ ಹಾಕಿಕೊಳ್ಳಲು ಎಣ್ಣೆಗಟ್ಟಿದ ಒಂದು ಹಗ್ಗ. ಒಂದು ಪಕ್ಕ ತಾಮ್ರದ ತೇಪೆ, ಇನ್ನೊಂದು ಪಕ್ಕ ಅಂಗೈ ಅಗಲದ ತಗ್ಗು.

“ಇದು ತಪ್ಪಲೆ” ಎಂದರು ಚಾಚಾ. “ಯಾರೋ ನಮ್ಮಪ್ಪನ ಹತ್ರ ಕಲಾಯಿಗೆ ಕೊಟ್ಟು ಹೋದ್ರು. ವಾಪಸ್ ಬರ್ಲೇ ಇಲ್ಲ. ಅಪ್ಪ ಕಾದು ಕಾದು, ಹಿಡಿ ಕಿತ್ತು ತೇಪೆ ಹಾಕಿ, ಚರ್ಮ ಕಟ್ಟಿದ್ರು. ಈಗಲೂ ಅವರ ಮನೆಯೋರು ಬಂದು ಕೇಳಿದ್ರೆ ಚರ್ಮ ಬಿಚ್ಚಿ ಕೊಟ್ಬಿಡು ಅಂತ ಹೇಳಿ ಹೋಗಿದಾರೆ. ಒಳಗಡೆ ಕಲಾಯಿ ಇನ್ನೂ ಹೊಳೀತೈತೆ.”

“ಈ ತಗ್ಗು?”

“ಅದು ನಾಯಿದು. ಅಂದ್ರೆ ನಾಯಿ ಅಟ್ಟಿಸ್ಕಂಡು ಬಂತು, ಬಿದ್ದಿದ್ದು ನಾನು.”

ಗುರುವಾರ ಒಂದು ದಿನ ಶಾಲೆಗೆ ಕೊಡಲು ಒಪ್ಪಿದರು. ಸಂಜೆ ತಾವೇ ಬಂದು ಒಯ್ಯುತ್ತಾರೆ, ನಡುವೆ ಯಾರೂ ಬಡಿಯುವಂತಿಲ್ಲ.

“ಹಗಲಲ್ಲಿ ಬಡಿದ್ರೆ ಜನ ಎದ್ದುಬಿಡ್ತಾರೆ.”

“ಹಗಲಲ್ಲಿ ಜನ ಎದ್ದೇ ಇರ್ತಾರಲ್ಲ ಚಾಚಾ.”

“ನಿಮ್ಮ ಬೀದೀಲಿ” ಎಂದರು ಅವರು. “ಉಪವಾಸದೋರು ಮಧ್ಯಾಹ್ನ ಮಲಗಿರ್ತಾರೆ.”

ಗುರುವಾರ ಕ್ಲಾಸಿನ ನಡುವೆ ಒಂದು ಸ್ಟೂಲಿಟ್ಟು, ಅದರ ಮೇಲೆ ಡೋಲಿಟ್ಟು, ಮಕ್ಕಳನ್ನು ಸುತ್ತ ಕೂರಿಸಿದೆ. ಕೊರಳ ಹಗ್ಗ ಜಿಡ್ಡುಜಿಡ್ಡಾಗಿ ನೇತಾಡುತ್ತಿತ್ತು. ಚಿತ್ರಕ್ಕೆ ಅಚ್ಚುಕಟ್ಟು ಬೇಕು ಎಂದು ಅದನ್ನು ಬಿಚ್ಚಿ ಮಡಿಸಿ ಮೇಜಿನ ಡ್ರಾಯರಿಗೆ ಹಾಕಿದೆ.

ಇಂಥ ಡೋಲು ಬರೆಯುವುದರಲ್ಲಿ ಕಷ್ಟದ್ದು ಬಾಯಿ. ಅದು ದುಂಡಗಿದೆ ಎಂದು ನಮಗೆ ಗೊತ್ತು, ಆದ್ದರಿಂದ ದುಂಡಗೆ ಬರೆಯುತ್ತೇವೆ. ಆದರೆ ಕೂತು ನೋಡಿದಾಗ ಅದು ದುಂಡಗೆ ಕಾಣುವುದಿಲ್ಲ. ಇದನ್ನು ಬಾಯಲ್ಲಿ ಹೇಳಿ ನೋಡಿದೆ, ಆಗಲಿಲ್ಲ. ಬಿಸಿಯೂಟದ ತಟ್ಟೆಗಳನ್ನು ತರಿಸಿ ಎಲ್ಲರ ಕೈಗೂ ಕೊಟ್ಟೆ. ಮುಖದ ಎದುರು ಹಿಡಿಯಿರಿ, ದುಂಡಗಿದೆ. ಈಗ ಮೆಲ್ಲಗೆ ಮಲಗಿಸುತ್ತ ಬನ್ನಿ, ಬಾಯಿ ಕಿರಿದಾಗುತ್ತದೆ, ಮೊಟ್ಟೆಯ ಹಾಗೆ. ಕಣ್ಣಿನ ಮಟ್ಟಕ್ಕೆ ಪೂರ್ತಿ ಮಲಗಿಸಿ, ಬರೀ ಒಂದು ಗೆರೆ. ಇಪ್ಪತ್ತೇಳು ತಟ್ಟೆಗಳು ಒಟ್ಟಿಗೆ ಏಳುತ್ತ ಮಲಗುತ್ತ ಇದ್ದವು. ಪಾಠ ಸರಿಯಾಗಿ ಇಳಿಯುತ್ತಿದೆ ಅಂದುಕೊಳ್ಳುವಾಗ ಒಬ್ಬ ಕೇಳಿದ, “ಸರ್, ಊಟ ಯಾವಾಗ?”

ಅಡುಗೆಯ ಅಕ್ಕ ಬಾಗಿಲಲ್ಲಿ ನಿಂತಿದ್ದರು. “ಏನ್ರೀ ಬೋರ್ಡಣ್ಣ, ನನ್ನ ತಟ್ಟೆಗೂ ಪಾಠ ಹೇಳ್ತಿದೀರಾ? ಕೊಡ್ರೀ, ಸಾರು ಆರ್ತೈತೆ.”

ಹೆಣಿಗೆಗೆ ನನ್ನ ದಾರಿ ಇದು: ಮೊದಲು ಮೇಲಿನ ಅಂಚಿನಲ್ಲಿ ಚುಕ್ಕಿ, ಆಮೇಲೆ ಕೆಳಗಿನ ಅಂಚಿನಲ್ಲಿ ಚುಕ್ಕಿ, ಆಮೇಲೆ ದಾರ. ನಡುವೆ ಚುಕ್ಕಿಗಳು ದೂರ ದೂರ, ಪಕ್ಕಕ್ಕೆ ಹೋದಂತೆ ಹತ್ತಿರ ಹತ್ತಿರ. ಇಷ್ಟು ಹೇಳಿ ಬೋರ್ಡಿನಲ್ಲಿ ನಾನೇ ಒಂದು ಬರೆದೆ. ಬಲಗಡೆ ತೇಪೆ, ಅದರ ಎರಡು ಮೊಳೆ, ಎಲ್ಲ. ಆಮೇಲೆ ಒಂದು ಸುತ್ತು ಹೊರಟೆ.

ಒಬ್ಬನದು ಬನ್ನು. ಒಬ್ಬನದು ಇಡ್ಲಿ, ಅದರ ಮೇಲೆ ಹಬೆ ಬೇರೆ. ಒಬ್ಬಳದು ಚೆನ್ನಾಗಿತ್ತು, ಆದರೆ ತೇಪೆ ಎಡಗಡೆ ಇತ್ತು. ಇನ್ನೊಬ್ಬನದರಲ್ಲಿ ನಡುವೆ. ಹಲವರದರಲ್ಲಿ ತೇಪೆಯೇ ಇಲ್ಲ. ನಾನು ಒಂದೊಂದೇ ಹಾಳೆ ತೆಗೆದುಕೊಂಡು, ರಬ್ಬರಿನಿಂದ ಅಳಿಸಿ, ಬೋರ್ಡಿನಲ್ಲಿ ಇದ್ದ ಹಾಗೆ ಎಲ್ಲರಿಗೂ ಬಲಗಡೆ ತೇಪೆ ಹಾಕುತ್ತ ಬಂದೆ. ನನ್ನ ಕಸುಬಿನಲ್ಲಿ ಅದೇ ಸರಿ. ಅಂಗಡಿಯ ಹೆಸರಿನಲ್ಲಿ ‘ಕ’ ಅಂದರೆ ಯಾವ ಕಡೆ ನಿಂತು ನೋಡಿದರೂ ‘ಕ’.

ಚಾಚಾನ ಮೊಮ್ಮಗಳು ನನ್ನ ನೇರ ಎದುರಿಗೆ, ಡೋಲಿನ ಆಚೆ ಕೂತಿದ್ದಳು.

“ಸರ್, ಇಲ್ಲಿಂದ ತೇಪೆ ಕಾಣಲ್ಲ. ನಾಯಿ ತಗ್ಗು ಕಾಣುತ್ತೆ.”

“ಬೋರ್ಡ್ ನೋಡಮ್ಮ. ಡೋಲು ನೋಡ್ಬೇಡ” ಎಂದೆ. ಅವಳು ಬರೆದಿದ್ದ ತಗ್ಗನ್ನು ಅಳಿಸಿ ತೇಪೆ ಹಾಕಿಕೊಟ್ಟೆ. ಅವಳು ಹಾಳೆಯನ್ನೊಮ್ಮೆ, ಡೋಲನ್ನೊಮ್ಮೆ ನೋಡಿದಳು.

ಮಧ್ಯಾಹ್ನ ಊಟದ ಹೊತ್ತಿಗೆ ಟೀ ಕುಡಿಯಲು ಗೇಟಿನಾಚೆ ಹೋದೆ. ಲೋಟ ಬಾಯಿಗೆ ತಾಗುವುದಕ್ಕೂ ಶಾಲೆಯ ಒಳಗಿಂದ ಧಂ ಧಂ ಧಂ ಎಂದು ಕೇಳುವುದಕ್ಕೂ ಸರಿಹೋಯಿತು. ಹುಟ್ಟಿದಾಗಿಂದ ಕೇಳಿದ ಸದ್ದು. ಓಡಿದೆ. ನನಗಿಂತ ಮುಂಚೆ ಶಾಲೆಯ ಎದುರು ಮನೆಯ ಅಜ್ಜಿ, ತಲೆಗೆ ಸೆರಗೆಳೆದುಕೊಂಡು, ಕೈಯಲ್ಲಿ ನೀರಿನ ಚೊಂಬು ಹಿಡಿದು ಬೀದಿಗೆ ಬಂದಿದ್ದರು.

“ಯಾಕೆ ಇಷ್ಟು ಬೇಗ ಎಬ್ಬಿಸ್ತಾ ಇದಾನೆ? ಗಂಟೆ ಎಷ್ಟು?”

“ಒಂದೂವರೆ ಅಮ್ಮ.”

“ಒಂದೂವರೆಗೆ ಯಾರಾದ್ರೂ ಎಬ್ಬಿಸ್ತಾರಾ?”

“ಮಧ್ಯಾಹ್ನ ಒಂದೂವರೆ ಕಣಮ್ಮ.”

ಅಜ್ಜಿ ತಲೆಯೆತ್ತಿ ಸೂರ್ಯನನ್ನು ನೋಡಿದರು. ಚೊಂಬನ್ನು ನೋಡಿದರು. ಒಂದು ಹನಿಯೂ ಬಾಯಿಗೆ ಹೋಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಅರ್ಧ ಉರ್ದು ಅರ್ಧ ಕನ್ನಡದಲ್ಲಿ, ಇಸ್ತ್ರಿ ಶರಟಿನ ಮರ್ಯಾದೆಯನ್ನೂ ನೋಡದೆ ಮಾತಾಡಿದರು. ಉರ್ದು ಅರ್ಥವಾಗದೆ ಇದ್ದದ್ದು ಒಳ್ಳೆಯದಾಯಿತು.

ನಾನು ಕ್ಲಾಸಿಗೆ ಬರುವಷ್ಟರಲ್ಲಿ ಡೋಲು ಸ್ಟೂಲಿನ ಮೇಲಿತ್ತು. ಮಕ್ಕಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೈಕಟ್ಟಿ ಕೂತಿದ್ದರು. ಬಡಿದವರು ಯಾರು ಎಂದು ಕೇಳಿದೆ. ಉತ್ತರ ಬರುವುದಿಲ್ಲ ಎಂದು ಗೊತ್ತಿತ್ತು, ನಾನೂ ಅಲ್ಲೇ ಓದಿದವನು. ಪೆನ್ಸಿಲ್ ತಗೊಳ್ಳಿ ಎಂದು ಬೋರ್ಡಿನ ಕಡೆ ತಿರುಗಿ, ಮತ್ತೆ ಡೋಲು ನೋಡಿದೆ. ತೇಪೆ ಇರಲಿಲ್ಲ. ನನ್ನ ಎದುರಿಗಿದ್ದದ್ದು ನಾಯಿ ತಗ್ಗು. ಅವಸರದಲ್ಲಿ ಹುಡುಗರು ಡೋಲನ್ನು ಹಿಂದುಮುಂದಾಗಿ ಇಟ್ಟಿದ್ದರು.

ಎದುರು ತುದಿಯಿಂದ ಮೆಲ್ಲಗೆ ದನಿ ಬಂತು. “ಸರ್, ಈಗ ನಂದು ಸರಿ ಆಯ್ತು. ನಿಮ್ದು ತಪ್ಪು.”

ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ನಾನು ಹೋಗಿ ಡೋಲನ್ನು ಎರಡು ಕೈಯಲ್ಲಿ ಹಿಡಿದೆ. ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು, ಬೋರ್ಡು ಸರಿಯಾಗುತ್ತದೆ, ನಾನೂ ಸರಿಯಾಗುತ್ತೇನೆ. ಇಪ್ಪತ್ತೇಳು ಮಕ್ಕಳು ನನ್ನ ಕೈಯನ್ನೇ ನೋಡುತ್ತಿದ್ದರು. ಡೋಲನ್ನು ಬಿಟ್ಟು ಆ ಹುಡುಗಿಯ ಪಕ್ಕ ಹೋಗಿ ನೆಲದ ಮೇಲೆ ಕೂತೆ. ಅಲ್ಲಿಂದ ನೋಡಿದರೆ ತೇಪೆಯೂ ಎರಡು ಮೊಳೆಯೂ ಚೆನ್ನಾಗಿ ಕಾಣುತ್ತಿದ್ದವು. ಅವಳ ಎಡಕ್ಕೆ ಸರಿದೆ, ತೇಪೆ ಅಂಚಿಗೆ ಹೋಯಿತು. ಹಾಗೇ ಕುಂಡೆ ಎಳೆದುಕೊಂಡು ಇಡೀ ಸುತ್ತು ಬಂದೆ. ಆಗ ಮಕ್ಕಳು ನಕ್ಕರು.

ಎದ್ದು ಡಸ್ಟರ್ ತೆಗೆದುಕೊಂಡು ಬೋರ್ಡು ಅಳಿಸಿದೆ. ಎಲ್ಲ ಹಾಳೆ ಮಡಿಸಿ ಕಟ್ಟಿಟ್ಟು ಹೊಸ ಹಾಳೆ ಹಂಚಿದೆ. ಸ್ಟೂಲಿನ ಕಾಲಿಗೆ ನೂಲು ಕಟ್ಟಿ ನೆಲದ ಮೇಲೆ ಚಾಕ್‌ಪೀಸಿನಲ್ಲಿ ದುಂಡಗೆ ಗೆರೆ ಎಳೆದು, ಎಂಟು ಭಾಗ ಮಾಡಿ, ಒಂದೊಂದು ಭಾಗಕ್ಕೆ ಮೂರೋ ನಾಲ್ಕೋ ಮಕ್ಕಳನ್ನು ಕೂರಿಸಿದೆ. “ನಿಮಗೆ ಕಂಡಿದ್ದನ್ನ ಬರೀರಿ. ಪಕ್ಕದವನಿಗೆ ಕಂಡಿದ್ದಲ್ಲ, ನನಗೆ ಕಂಡಿದ್ದೂ ಅಲ್ಲ.” ರಬ್ಬರನ್ನು ಜೇಬಿಗೆ ಹಾಕಿಕೊಂಡೆ. ಗುರುವಾರ ಮಧ್ಯಾಹ್ನ ಎರಡು ಗಂಟೆ. ಕೈಯಲ್ಲಿ ಒಂದೂ ಚಿತ್ರ ಇರಲಿಲ್ಲ.

ನಾಲ್ಕೂವರೆಗೆ ಚಾಚಾ ಬಂದರು. ಡೋಲನ್ನು ತಿರುಗಿಸಿ ನೋಡಿ, ಚರ್ಮಕ್ಕೆ ಬೆರಳು ತಾಗಿಸಿ, “ಬಡಿದ್ರಂತೆ” ಎಂದರು. ಆಮೇಲೆ ನೆಲದ ಮೇಲೆ ಹರಡಿದ್ದ ಚಿತ್ರಗಳನ್ನು ಒಂದೊಂದಾಗಿ ಎತ್ತಿಕೊಂಡರು.

“ಇದು ಕಿಟಕಿ ಹತ್ರ ಕೂತವನು. ಇದು ಬಾಗಿಲ ಕಡೆ. ಇವನು ಆ ಮೂಲೆ.” ಒಂದೂ ತಪ್ಪಲಿಲ್ಲ. ಇಡ್ಲಿಯ ಹುಡುಗನದು ಈ ಸಲವೂ ಇಡ್ಲಿಯೇ ಆಗಿತ್ತು. ಅದನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. “ಇವನು ಹಸಿವಿನ ಕಡೆಯಿಂದ ಬರೆದಿದಾನೆ.”

ನನಗೆ ಸಮಾಧಾನವಾಗುತ್ತಿತ್ತು. ಅಷ್ಟರಲ್ಲಿ ಕೇಳಿದರು, “ಹಗ್ಗ ಎಲ್ಲಿ?”

“ಡ್ರಾಯರಲ್ಲೈತೆ ಚಾಚಾ.”

“ಅದಲ್ಲ. ಚಿತ್ರದಲ್ಲಿ ಎಲ್ಲಿ? ನನ್ನ ಡೋಲು ಸ್ಟೂಲ್ ಮೇಲೆ ಕೂತ್ಕಂಡು ಊರು ಎಬ್ಬಿಸ್ತದಾ?” ಹಗ್ಗ ಕಟ್ಟಿಕೊಂಡು, ಡೋಲನ್ನು ಕೊರಳಿಗೆ ಹಾಕಿಕೊಂಡು ಹೊರಟುಹೋದರು.

ಶುಕ್ರವಾರ ಬೆಳಿಗ್ಗೆ ಗೋಡೆ ಉಜ್ಜಿ, ಬಿರುಕಿಗೆ ಲಪ್ಪ ತುಂಬಿ, ಬಿಳಿ ಹೊಡೆದೆ. ಒಣಗಿದ ಮೇಲೆ ನೀಲಿಪುಡಿ ಮೆತ್ತಿದ ನೂಲನ್ನು ಬಿಗಿಯಾಗಿ ಹಿಡಿದು ಚಟ್ಟೆಂದು ಬಿಟ್ಟು ಗೆರೆ ಹೊಡೆದು, ಎಂಟು ಡೋಲಿಗೆ ಎಂಟು ಮನೆ ಮಾಡಿದೆ. ದೊಡ್ಡ ಮೇಡಂ ಬಂದು ಎಣಿಸಿದರು.

“ಒಂದು ಡೋಲು ಅಂದ್ರೆ ಎಂಟು ಬರೀತಿದೀರಲ್ಲ. ಸಾಹೇಬ್ರು ಪಾತ್ರೆ ಅಂಗಡಿ ಜಾಹೀರಾತು ಅಂದ್ಕೊಂಡ್ರೆ?”

“ಒಂದೇ ಡೋಲು ಮೇಡಂ. ಗೇಟಿಂದ ಆ ತುದಿಗೆ ನಡೆದು ಹೋದ್ರೆ ಅದರ ಸುತ್ತ ಒಂದು ಸುತ್ತು ಬಂದ ಹಾಗೆ.”

“ಶನಿವಾರ ಸಂಜೆ” ಎಂದಷ್ಟೇ ಹೇಳಿ ಒಳಗೆ ಹೋದರು. ಹತ್ತು ನಿಮಿಷಕ್ಕೆ ಫ್ಲೆಕ್ಸ್ ಅಂಗಡಿಯವನು ಸ್ಕೂಟರಿನಲ್ಲಿ ಬಂದ. “ಸುಮ್ನೆ ಯಾಕಣ್ಣ ಬಿಸಿಲಲ್ಲಿ? ಡಿಸೈನ್ ರೆಡಿ ಐತೆ, ಒಂದ್ ಗಂಟೆ ಕೆಲಸ” ಎಂದು ಮೊಬೈಲು ತೋರಿಸಿದ. ಚಂದ್ರ, ನಕ್ಷತ್ರ, ನಡುವೆ ಒಂದು ಡೋಲು. ಎರಡು ಮುಖ, ಉಬ್ಬಿದ ಹೊಟ್ಟೆ. ನನ್ನ ಸೋಮವಾರದ ಡೋಲೇ. ತಪ್ಪು ಎಂದು ಯಾವ ಬಾಯಲ್ಲಿ ಹೇಳಲಿ?

ಒಂದೊಂದು ಕಡೆ ಕೂತವರಿಂದ ಒಂದೊಂದು ಹಾಳೆ ಆರಿಸಿಕೊಂಡೆ. ಹಾಳೆಯ ಮೇಲೆ ಸಣ್ಣ ಚೌಕಗಳು, ಗೋಡೆಯ ಮೇಲೆ ಅಷ್ಟೇ ದೊಡ್ಡ ಚೌಕಗಳು. ಅವರ ಗೆರೆ ಎಲ್ಲಿ ಸೊಟ್ಟ ಹೋಗಿತ್ತೋ ಅಲ್ಲಿ ನನ್ನದೂ ಸೊಟ್ಟ. ಕೈ ತಾನಾಗಿ ನೇರ ಮಾಡಲು ಹೋಗುತ್ತಿತ್ತು, ಹಿಡಿದು ನಿಲ್ಲಿಸಬೇಕಾಗಿತ್ತು. ತಾಮ್ರಕ್ಕೆ ಹಳದಿ, ಕಾವಿಕೆಂಪು, ಚೂರೇ ಕಪ್ಪು. ಶನಿವಾರ ಹತ್ತು ಗಂಟೆಗೆ ಎಂಟೂ ಮುಗಿದವು. ಉಳಿದದ್ದು ಹಗ್ಗ.

ನೀಲಿ ನೂಲು ನೇರ ಗೆರೆ ಮಾತ್ರ ಕೊಡುತ್ತದೆ, ಹಗ್ಗ ಜೋಲಬೇಕು. ಎರಡು ಮೊಳೆ ಹೊಡೆದು ಅಡುಗೆ ಅಕ್ಕನಿಂದ ಬಾವಿಹಗ್ಗ ಇಸಕೊಂಡು ಜೋಲುಬಿಟ್ಟು, ಅದರ ಪಕ್ಕದಲ್ಲೇ ಗೆರೆ ಎಳೆದೆ. ಹೀಗೆ ಒಂದು ಡೋಲಿನಿಂದ ಮುಂದಿನದಕ್ಕೆ, ಅಲ್ಲಿಂದ ಮುಂದಕ್ಕೆ, ಒಂದೇ ಹಗ್ಗ ಗೋಡೆಯುದ್ದಕ್ಕೂ ಹೋಯಿತು. ಎಂಟನೆಯದರ ಆಚೆ ಒಬ್ಬ ಮನುಷ್ಯ ನಿಲ್ಲುವಷ್ಟು ಬಿಳಿ ಉಳಿಯಿತು. ಹಗ್ಗದ ತುದಿ ಅಲ್ಲಿ ಸುಮ್ಮನೆ ನೇತಾಡುತ್ತಿತ್ತು.

“ಸರ್, ಅಲ್ಲಿ ತಾತ ಬರ್ಬೇಕು” ಎಂದಳು ಮೊಮ್ಮಗಳು. ಹಾಳೆ ಆಗಲೇ ತಯಾರಿತ್ತು. ಲುಂಗಿ, ಟೋಪಿ, ಕೊರಳ ಹಿಂದೆ ಹಗ್ಗ. ಬೆನ್ನು ಮಾತ್ರ, ಮುಖ ಇಲ್ಲ.

“ಮುಖ ಯಾಕೆ ಬರೀಲಿಲ್ಲ?”

“ನಾನು ಬಾಗಿಲಲ್ಲಿ ನಿಂತು ನೋಡ್ತೀನಿ ಸರ್. ಹೋಗೋವಾಗ ಬೆನ್ನೇ ಕಾಣೋದು.”

ಇಡೀ ಊರಲ್ಲಿ ಆ ಹೊತ್ತಿನಲ್ಲಿ ಅವರನ್ನು ನೋಡಿದವಳು ಇವಳೊಬ್ಬಳೇ. ಹಾಳೆಯ ಕೆಳಭಾಗ ನೋಡಿದೆ. ಒಂದು ಕಾಲಿನಲ್ಲಿ ಕಪ್ಪು ಚಪ್ಪಲಿ, ಇನ್ನೊಂದರಲ್ಲಿ ಹೂವಿನ ಚಪ್ಪಲಿ.

“ಕತ್ತಲಲ್ಲಿ ಸಿಕ್ಕಿದ್ದು ಹಾಕ್ಕೊಂಡು ಹೋಗ್ತಾರೆ. ಒಂದು ತಾತಂದು, ಒಂದು ಅಜ್ಜಿದು.”

ನಾನು ಚೌಕ ಎಳೆದೆ. ಹೂವಿಗೆ ಗುಲಾಬಿ ಬಣ್ಣ ಬೆರೆಸಿದೆ.

ಸಂಜೆ ದೊಡ್ಡ ಮೇಡಂ ಗೇಟಿನಿಂದ ಹೊರಟು, ಗೋಡೆಯ ಪಕ್ಕ ನಿಧಾನವಾಗಿ ನಡೆದರು. ತೇಪೆ ಬಂತು, ಸರಿಯಿತು, ಮರೆಯಾಯಿತು, ತಗ್ಗು ಬಂತು. ತುದಿಯಲ್ಲಿ ನಿಂತು ಬಗ್ಗಿ ಚಪ್ಪಲಿ ನೋಡಿದರು. ನೆಟ್ಟಗಾಗಿ, ಮೊಬೈಲು ತೆಗೆದು, ಫ್ಲೆಕ್ಸ್ ಅಂಗಡಿಯವನಿಗೆ “ಆ ಅಳತೆ ಬೇಡಪ್ಪ” ಎಂದರು.

ಭಾನುವಾರ ಚಾಚಾ ನನ್ನ ಮನೆಗೇ ಬಂದರು. “ಡೋಲು ಸರಿಯಾಗೈತೆ. ಹಗ್ಗ ಸರಿಯಾಗೈತೆ. ಆದ್ರೆ ನಾನು ಹೆಂಡ್ತಿ ಚಪ್ಪಲಿ ಹಾಕ್ಕಂಡು ಓಡಾಡ್ತೀನಿ ಅಂತ ಅರಸೀಕೆರೆ ಬಸ್ಸಿಗೆಲ್ಲ ಗೊತ್ತಾಯ್ತಲ್ರೀ.”

ಸೋಮವಾರ ಬೆಳಗಿನ ಜಾವ ಧಂ ಧಂ ಕೇಳಿದಾಗ ಕಂಬಳಿ ತೆಗೆದು ಎದ್ದೆ. “ಯಾಕ್ರೀ, ನೀವೂ ಉಪವಾಸನಾ?” ಎಂದಳು ಹೆಂಡತಿ. ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತೆ. ಚಾಚಾ ಬೀದಿದೀಪದ ಕೆಳಗೆ ಬಂದು, ನನ್ನನ್ನು ಕಂಡು ನಿಂತರು. ಬಡಿಯುವುದನ್ನು ನಿಲ್ಲಿಸಿ, ಒಂದು ಕಾಲು ಮುಂದೆ ಚಾಚಿದರು. ಆಮೇಲೆ ಇನ್ನೊಂದು. ಎರಡೂ ಕಪ್ಪು, ಹೊಸ ಜೊತೆ.

“ನೋಡ್ಕಳ್ರೀ. ಇವತ್ತು ಹೋಗಿ ಗೋಡೆ ತಿದ್ದಿ.”

“ನೋಡಿದ್ದನ್ನೇ ಬರೆದಿದ್ದು ಚಾಚಾ. ತಿದ್ದಾಕಿಲ್ಲ.”

“ಯಾರು ನೋಡಿದ್ದು?”

“ನಿಮ್ಮ ಮೊಮ್ಮಗಳು.”

ಏನೋ ಗೊಣಗಿಕೊಂಡು, ಮತ್ತೆ ಬಡಿಯುತ್ತ ಹೊರಟರು. ತಿರುವಿನವರೆಗೂ ನೋಡುತ್ತ ನಿಂತಿದ್ದೆ. ಹೋಗುವಾಗ ಬೆನ್ನೇ ಕಾಣುವುದು, ನಿಜ. ಕತ್ತಿನ ಹಿಂದೆ, ಹಗ್ಗ ಕೊರೆಯದ ಹಾಗೆ, ಒಂದು ಟವೆಲ್ಲನ್ನು ಮಡಿಸಿ ಇಟ್ಟುಕೊಂಡಿದ್ದರು. ಅದು ಅವಳ ಹಾಳೆಯಲ್ಲೂ ಇರಲಿಲ್ಲ, ನನ್ನ ಗೋಡೆಯಲ್ಲೂ ಇರಲಿಲ್ಲ.

ಬೆಳಕು ಹರಿದ ಮೇಲೆ, ಸಾಹೇಬರು ಬರುವ ಮುಂಚೆ, ಡಬ್ಬ ಬ್ರಷ್ಷು ಹಿಡಿದು ಶಾಲೆಗೆ ಹೋದೆ. ಗೇಟಿನ ಹತ್ತಿರ ಚಾಚಾನ ಮೊಮ್ಮಗಳನ್ನು ಕರೆದು “ತಾತನ ಕತ್ತಿಗೆ ಟವೆಲ್ಲು ಹಾಕಬಹುದಾ?” ಎಂದು ಕೇಳಿದೆ. “ಹಾಕಿ ಸರ್” ಎಂದಳು. ಅದನ್ನು ಹಾಕಿದೆ. ಚಪ್ಪಲಿ ಮುಟ್ಟಲಿಲ್ಲ.